ಗಡಿಯ ಗೆಡ್ಡೆ

"ಕಿತ್ತಾಕೇ ಮುಂಡೆ! ನಿನ್ನಪ್ಪನ ಗೋರಿ ಮ್ಯಾಲೆ ನೆಟ್ಟಿದ್ಯಾ ಅದನ್ನ?"

ಮೇಸ್ತ್ರಿ ಮುರಿಯುಕಿಯ ಬಾರುಕೋಲು ವಾಂಗೆಚಿಯ ಬೆನ್ನ ಮೇಲೆ ಬಿತ್ತು. ಮುದುಕಿ ಕಾಫಿಹಣ್ಣಿನ ಬುಟ್ಟಿಯ ಸಮೇತ ಮುಗ್ಗರಿಸಿದಳು. ಆದರೂ ಅವಳು ಲಿಲ್ಲಿ ಹೂವಿನ ಗೆಡ್ಡೆಗೆ ಕೈ ಹಾಕಲಿಲ್ಲ. ಆ ಸಾಲು ನೆಟ್ಟವನು ಅವಳ ಗಂಡನ ಅಜ್ಜ. ಗಿಕುಯು ಜನಕ್ಕೆ ಹೊಲದ ಗಡಿಯೆಂದರೆ ಈ ಗೆಡ್ಡೆಗಳೇ. ಬಿಳಿ ದೊರೆ ಹೊಲ ಕಸಿದುಕೊಂಡು ಕಾಫಿ ಹಾಕಿದ ಮೇಲೂ ಇವು ಪ್ರತಿ ಮಳೆಗೂ ಚಿಗುರುತ್ತಿದ್ದವು. ಇವು ಇರುವ ತನಕ ಹೊಲ ತನ್ನದೇ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

"ಅದು ನನ್ ಗಂಡನ ಮನೆ ಗಡಿ ಕಣ್ಲಾ. ಕಿತ್ತೋರ ವಂಸ ಉಳಿಯಾಕಿಲ್ಲ."

"ನಿನ್ ಗಂಡನ್ನ ಬಿಳಿಯರು ನೇಣಿಗಾಕಿದ್ದು ಮರೆತೋಯ್ತಾ? ಈಗ ಇದು ಮಂತ್ರಿ ಗಿಟೊಂಗಾ ಧಣಿಗಳ ತೋಟ. ಇವತ್ತು ಬತ್ತಾವ್ರೆ. ಒಂದು ಗೆಡ್ಡೆ ಕಂಡ್ರೂ ನಿನ್ ಚರ್ಮ ಸುಲೀತೀನಿ!"

ಸುಲಿಯುವುದು ಅವನಿಗೆ ಹೊಸತೇನಲ್ಲ. ಹಿಂದೆ ಬಿಳಿ ದೊರೆಯ ಬಂಟನಾಗಿದ್ದಾಗ, ಗಿಟೊಂಗಾ ಎಲ್ಲಿ ಅಡಗಿದ್ದಾನೆಂದು ಹೇಳದ್ದಕ್ಕೆ ಇಕ್ಕಳ ಹಾಕಿ ಅವಳ ಕಾಲುಗುರು ಕಿತ್ತವನು ಇವನೇ. ಆಗ ಗಿಟೊಂಗಾ ಈ ಸೀಮೆಯ ಸ್ವಾತಂತ್ರ್ಯ ಹೋರಾಟದ ನಾಯಕ. ವಾಂಗೆಚಿಯ ಕಣಜದೊಳಗೆ ಮುದುರಿ ಕೂತು, ಅವಳು ಸುಟ್ಟು ಕೊಟ್ಟ ಗೆಣಸು ತಿನ್ನುತ್ತಿದ್ದ. ಇದೇ ಗಡಿಯ ಮಣ್ಣನ್ನು ಬಾಯಿಗೆ ಹಾಕಿ ನುಂಗಿ, "ಈ ಹೊಲ ನಿನ್ ಕೈಗೆ ಕೊಡಿಸ್ದೆ ಇದ್ರೆ ಈ ಮಣ್ಣೇ ನನ್ನ ತಿನ್ಲಿ ಅಕ್ಕಾ" ಎಂದು ಆಣೆ ಮಾಡಿದ್ದ. ಸ್ವಾತಂತ್ರ್ಯ ಬಂತು. ದೊರೆ ತೋಟವನ್ನು ಗಿಟೊಂಗಾನಿಗೇ ಮಾರಿ ಹಡಗು ಹತ್ತಿದ. ಬಾರುಕೋಲು ಮಾತ್ರ ಮುರಿಯುಕಿಯ ಕೈಯಲ್ಲೇ ಉಳಿಯಿತು.

ಕಾರು ಬಂತು. ಹೊಟ್ಟೆ ಮುಂದೆ ಮಾಡಿಕೊಂಡು ಗಿಟೊಂಗಾ ಇಳಿದ, ಅವನ ಹಿಂದೆ ಇಬ್ಬರು ಬಂದೂಕಿನವರು. ಕೂಲಿ ಹೆಂಗಸರನ್ನು ಬಿಸಿಲಲ್ಲಿ ಕೂರಿಸಿದ್ದೇ ಭಾಷಣ ಶುರುವಾಯಿತು.

"ನಿಮಗೋಸ್ಕರ ಜೈಲು ಕಂಡೆ! ನಿಮಗೋಸ್ಕರ ಏಟು ತಿಂದೆ!"

"ಗೆಣಸು ತಿಂದಿದ್ದೂ ಹೇಳಪ್ಪಾ ಗಿಟೊಂಗಾ," ವಾಂಗೆಚಿ ಎದ್ದು ನಿಂತಳು.

ಹೆಂಗಸರು ಕಿಸಕ್ಕೆಂದರು. ಅವನಿಗೆ ಗುರುತು ಸಿಕ್ಕಿತ್ತು. ಕಣ್ಣು ತಪ್ಪಿಸಿದ.

"ಹಳೇದೆಲ್ಲ ಮರೀಬೇಕು ತಾಯಿ. ಮೇಸ್ತ್ರಿ, ಇವಳಿಗೊಂದು ಸಕ್ಕರೆ ಪೊಟ್ಟಣ ಕೊಟ್ಟು ಕಳಿಸು. ಆ ಕಳೆ ಯಾಕೆ ಇನ್ನೂ ಕಿತ್ತಿಲ್ಲ?"

ಕಳೆಯಂತೆ! ಮುರಿಯುಕಿ ತಾನೇ ಗುದ್ದಲಿ ಹಿಡಿದು ಮೊದಲ ಗೆಡ್ಡೆ ಎಬ್ಬಿಸಿದ. ಅಡ್ಡ ಬಂದ ವಾಂಗೆಚಿಯ ಬಾಯಿಗೆ ಗುದ್ದಲಿಯ ಕಾವು ಬಡಿದು ಹಲ್ಲು ಉದುರಿದವು. ಬಿದ್ದಲ್ಲೇ ಅವಳು ಗುಣಿಯ ಮಣ್ಣು ಬಾಚಿಕೊಂಡಳು. ಗಿಟೊಂಗಾ ಮತ್ತೆ "ನಿಮಗೋಸ್ಕರ" ಎನ್ನಲು ಬಾಯಿ ತೆರೆದಿದ್ದ. ಅವಳು ಎದ್ದು ಹೋಗಿ ಕೊರಳಪಟ್ಟಿ ಹಿಡಿದು, ರಕ್ತ ಬೆರೆತ ಮಣ್ಣನ್ನು ಆ ಬಾಯಿಗೆ ತುರುಕಿದಳು.

"ನುಂಗ್ಲಾ ನನ್ಮಗನೆ! ಅವತ್ತು ನುಂಗಿದ್ಯಲ್ಲ, ಇವತ್ತೂ ನುಂಗು!"

ಬಂದೂಕಿನ ಹಿಡಿಗಳು ಅವಳ ತಲೆಗೆ, ಪಕ್ಕೆಗೆ ಅಪ್ಪಳಿಸಿದವು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮುದುಕಿ ಮತ್ತೆ ಏಳಲಿಲ್ಲ. ಗಿಟೊಂಗಾ ಉಗುಳಿದ, ನೀರು ತರಿಸಿ ಬಾಯಿ ಮುಕ್ಕಳಿಸಿದ, ಮತ್ತೆ ಉಗುಳಿದ.

"ಕೀಳ್ರೇ ಹಾದರಗಿತ್ತೀರಾ! ಒಂದೂ ಬಿಡ್ಬ್ಯಾಡಿ!" ಮುರಿಯುಕಿ ಅರಚಿದ.

ಹೆಂಗಸರು ಎದ್ದು ಬಂದು ಗಡಿಯುದ್ದಕ್ಕೂ ನಿಂತರು. ಬಾರುಕೋಲು ಸಾಲಾಗಿ ಬೆನ್ನುಗಳ ಮೇಲೆ ಇಳಿಯಿತು. ಬಗ್ಗಿದವಳು ಒಬ್ಬಳೇ, ಕೊನೆಯಲ್ಲಿದ್ದ ಬಸುರಿ. ಕಿತ್ತು ಬಿದ್ದಿದ್ದ ಗೆಡ್ಡೆಯನ್ನು ಅದರ ಗುಣಿಗೇ ಇಟ್ಟು, ಏಟು ತಿನ್ನುತ್ತಲೇ ಎರಡೂ ಕೈಯಿಂದ ಮಣ್ಣು ಒತ್ತಿದಳು.