ಐದು ಕಾಡತೂಸ

ನನಗ ಬೇಕಾದ್ರ ಹುಚ್ಚಿ ಅನ್ರಿ, ಜಗಳಗಂಟಿ ಅನ್ರಿ, ಒಪ್ಪಿಕೋತೀನಿ. ಆದ್ರ ಈ ಸೋಮವ್ವ ಎಣಿಕಿ ತಪ್ಪಿದಾಕಿ ಅಂತ ಮಾತ್ರ ಅನ್ನಬ್ಯಾಡ್ರಿ. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ಎಣಿಸಿದ ಕೈ ಇದು. ಮುಂಜಾನೆ ನನ್ನ ಗಂಡ ಸಾಯಬಣ್ಣ ಡ್ಯೂಟಿಗೆ ಹೊಂಟಾಗ ಅವರ ಅಂಗೈಯಾಗ ಒಂದೊಂದಾಗಿ ಕಾಡತೂಸ ಇಟ್ಟು "ಐದು ಕೊಟ್ಟೆ" ಅಂತಿದ್ದೆ. ಸಂಜಿಗೆ ಅವರು ಬಂದು ನನ್ನ ಕೈಯಾಗ ವಾಪಸ್ ಇಟ್ಟಾಗ "ಐದು ತಗೊಂಡೆ" ಅಂತಿದ್ದೆ. ಆಮ್ಯಾಲೇ ಚಹಾ.

ಅವರು ವಿಲೆ ಪಾರ್ಲೆದಾಗ ಒಂದು ಬ್ಯಾಂಕಿನ ಬಾಗಿಲಿಗೆ ಗನ್‌ಮನ್ ಇದ್ದರು. ಜೋಡನಳಿ ಬಂದೂಕು ಬ್ಯಾಂಕಿಂದಲ್ಲ, ನಮ್ಮದು. ಲೈಸೆನ್ಸ್ ಅವರ ಹೆಸರಿಂದು. ನನ್ನ ಒಬ್ಬನೇ ಮಗ ದೇವಾನಂದ ಸಣ್ಣಾವಿದ್ದಾಗಿಂದ ಅವರು ಒಂದು ಕಾಯದೆ ಮಾಡಿದ್ದರು. ಬಂದೂಕು ಟ್ರಂಕಿನ್ಯಾಗ, ಕೀಲಿಕೈ ಅವರ ಉಡದಾರಕ್ಕ. ಕಾಡತೂಸ ದೇವರ ಜಗಲಿ ಮ್ಯಾಲಿನ ಹಿತ್ತಾಳಿ ಡಬ್ಬ್ಯಾಗ, ನನ್ನ ತಾಬೇದಾಗ. "ಸೋಮವ್ವ, ನಿನಗೂ ಸಿಟ್ಟು ಬರತದ, ನನಗೂ ಬರತದ. ನಿನ್ನ ಸಿಟ್ಟಿಗೆ ಬಂದೂಕು ಸಿಗಬಾರದು, ನನ್ನ ಸಿಟ್ಟಿಗೆ ಕಾಡತೂಸ ಸಿಗಬಾರದು" ಅಂತಿದ್ದರು. ನನ್ನ ಸಿಟ್ಟು ಮೂಗಿನ ತುದಿ ಮ್ಯಾಲೇ ಇರತದ, ಆಂಟಾಪ್ ಹಿಲ್‌ದಾಗ ನಮ್ಮ ಬಿಲ್ಡಿಂಗಿನವರನ್ನ ಯಾರನ್ನ ಬೇಕಾದ್ರೂ ಕೇಳ್ರಿ. ನಮ್ಮಿಬ್ಬರ ನಡುವೆ ಎಷ್ಟು ಲಟ್ಟಣಿಗಿ ಹಾರ್ಯಾವೋ ಆ ಶಿವನಿಗೇ ಗೊತ್ತು. ಆದ್ರ ಆ ಡಬ್ಬಿ, ಆ ಟ್ರಂಕು ಎಂದೂ ಒಂದಕ್ಕೊಂದು ಕೂಡಲಿಲ್ಲ.

ಈ ಸಲ ಬ್ಯಾಸಗಿಯಾಗ ಅವರು ಎದಿ ಹಿಡಕೊಂಡು ಕುಂತವರು ಏಳಲಿಲ್ಲ. ಮೂರನೇ ದಿನಾನೇ ದೇವಾನಂದ ಬಂದೂಕು ಒಯ್ದು ಪೊಲೀಸ್ ಠಾಣಾದಾಗ ಜಮಾ ಮಾಡಿ ಪಾವತಿ ತಂದ. ಲೈಸೆನ್ಸ್ ಇದ್ದಾವ ಹೋದ ಮ್ಯಾಲ ಲೈಸೆನ್ಸೂ ಹೋದಂಗ, ಮನ್ಯಾಗ ಇಟ್ಕೋಬಾರದು ಅಂದ. ಕಾಡತೂಸ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ ಅಂದ್ರ ಸುಳ್ಳಾಗತದ. ನೆನಪಿತ್ತು, ದಿನಾ ದೀಪ ಹಚ್ಚುವಾಗ ಡಬ್ಬಿ ಕಾಣತಿತ್ತು, ತಗದು ಎಣಿಸಲಿಲ್ಲ ಅಷ್ಟೇ. ಆದ್ರ ಅವು ಬಂದೂಕಿನ ಸಾಮಾನು ಅಂತ ನನ್ನ ತಲಿಗೇ ಬರಲಿಲ್ಲ. ಕಡೀ ದಿನ ಸಂಜಿಗೆ ಅವರು ನನ್ನ ಕೈಯಾಗ ಎಣಿಸಿ ಕೊಟ್ಟ ಸಾಮಾನು ಅದು, ಯಾರಿಗೆ ಯಾಕ ಕೊಡ್ಲಿ ಅಂತ ಇಟ್ಕೊಂಡಿದ್ದೆ.

ದೇವಾನಂದ ಬೊರಿವಲಿದಾಗ ಒಂದು ಶಾಪಿಂಗ್ ಮಾಲ್‌ದಾಗ ಬರೇ ವಾಚ್‌ಮನ್. ಬಂದೂಕು, ಲೈಸೆನ್ಸ್ ಎರಡೂ ಇದ್ದ್ರ ಬಂಗಾರದಂಗಡಿಯವರು ನಾಳೇನೇ ಗನ್‌ಮನ್ ಅಂತ ತಗೋತಾರಂತ. ಅಪ್ಪನ ಬಂದೂಕು ತನ್ನ ಹೆಸರಿಗೆ ಆಗಲಿ ಅಂತ ಮಳಿಗಾಲ ಪೂರ್ತಿ ಓಡಾಡಿದ. ಬಂದೂಕು ಹಿಡಿಯೋ ಟ್ರೇನಿಂಗಿನ ಸರ್ಟಿಫಿಕೇಟ್, ಡಾಕ್ಟರ ಸರ್ಟಿಫಿಕೇಟ್, ಎಲ್ಲಾ ತಂದ. ಉಳಿದಿದ್ದು ಒಂದು. ಸತ್ತವನ ವಾರಸದಾರರು ಬ್ಯಾರೆ ಯಾರರ ಇದ್ದ್ರ ಅವರು ಠಾಣಾಕ್ಕ ಬಂದು, ನಮ್ಮದೇನೂ ತಕರಾರಿಲ್ಲ ಅಂತ ಸಹಿ ಮಾಡಬೇಕು. ವಾರಸದಾರಳು ಅಂದ್ರ ನಾನೇ.

"ಅವ್ವ, ಬಸ್ ಏಕ್ ಸಹಿ. ನಿನಗೇನು ತ್ರಾಸು?" ಅಂದಿದ್ದ. ಖರೇ ಹೇಳತೀನಿ, ನನಗ ಖುಷಿನೇ ಆಗಿತ್ತು. ಬಂದೂಕು ಮನಿಗೆ ಬಂದ್ರ ಅವರೇ ಬಂದಂಗ ಅನಿಸಿತ್ತು.

ನಿನ್ನೆ ಠಾಣಾದಿಂದ ಹವಾಲ್ದಾರ ಫೋನ್ ಮಾಡಿದ. "ಆಜಿ, ನಾಳೆ ನಾಕು ಗಂಟೇಕ್ಕ ಬರ್ರಿ, ಮಗನೂ ಬರತಾನ. ಬರುವಾಗ ಕಾಡತೂಸ ತರ್ರಿ. ರಜಿಸ್ಟರದಾಗ ಐದು ಅಂತ ಅದ, ನಮಗ ಒಂದೂ ಬಂದಿಲ್ಲ. ಲೈಸೆನ್ಸ್ ಇಲ್ಲದ ಇಟ್ಕೋಳೋದು ಗುನ್ಹೆ ಅಂತ ಗೊತ್ತದ ಇಲ್ಲ?" ಅಂದ. ಆಜಿ ಅಂದದ್ದಕ್ಕ ಮೊದಲು ಸಿಟ್ಟು ಬಂತು, ಗುನ್ಹೆ ಅಂದದ್ದಕ್ಕ ಆಮ್ಯಾಲ ಎದಿ ಧಸಕ್ಕಂತು.

ಇವತ್ತು ಮುಂಜಾನೆ ಜಳಕಾ ಮಾಡಿ ಡಬ್ಬಿ ತಗದೆ. ಮೂರು.

ಡಬ್ಬಿ ಬೋರಲ ಹಾಕಿದೆ. ಜಗಲಿ ಮ್ಯಾಲಿನ ದೇವರನ್ನೆಲ್ಲಾ ಇಳಿಸಿದೆ. ಬಟ್ಟಿ ಝಾಡಿಸಿದೆ. ಅಕ್ಕಿ ಡಬ್ಬ್ಯಾಗ ಕೈ ಹಾಕಿದೆ, ಅಲ್ಲಿ ಯಾಕ ಇರತಾವ ಅಂತ ನನ್ನನ್ನೇ ಬೈಕೊಂಡೆ, ಮತ್ತ ಬ್ಯಾಳಿ ಡಬ್ಬ್ಯಾಗೂ ಹಾಕಿದೆ. ಎಣಿಸಿದೆ, ಮೂರು. ಮೂರು ಇದ್ದಿದ್ದು ಎಷ್ಟು ಸಲ ಎಣಿಸಿದ್ರೂ ಐದು ಆಗಲಿಲ್ಲ. ಕುಂತಲ್ಲಿ ಕುಂದ್ರಲಿಕ್ಕಾಗಲಿಲ್ಲ, ನಿಂತಲ್ಲಿ ನಿಂದ್ರಲಿಕ್ಕಾಗಲಿಲ್ಲ. ಮನಿಗೆ ಕಳ್ಳ ಬಂದಿದ್ರ ಬೆಳ್ಳಿ ದೀಪದ ಸಮೆ ಬಿಟ್ಟು ಕಾಡತೂಸ ಯಾಕ ಒಯ್ಯತಿದ್ದ?

ಆವಾಗ ನೆನಪಾತು. ಗಣಪತಿ ಹಬ್ಬಕ್ಕ ದೇವಾನಂದ ಬಂದಾಗ ಜಗಲಿ ಮುಂದ ಬಾಳೊತ್ತು ನಿಂತಿದ್ದ. ನಾನು ಒಳಗ ಕಡಬು ಕರೀಕೋತ, ಅಂತೂ ನನ್ನ ಮಗನಿಗೆ ದೇವರ ಮ್ಯಾಲ ಭಕ್ತಿ ಬಂತಲ್ಲಪ್ಪ ಅಂತ ಹಿಗ್ಗಿದ್ದೆ. ಥೂ ನನ್ನ ಬುದ್ಧಿಗೆ ಬೆಂಕಿ ಹಚ್ಚ.

ಅವನ ಹೆಂಡ್ತಿ ಶಿವಕುಮಾರಿಗೆ ಫೋನ್ ಮಾಡಿದೆ. ಆಕಿ ಬರೇ ಸೊಸಿ ಅಲ್ಲ, ನನ್ನ ಅಣ್ಣ ಬಸವಂತಪ್ಪನ ಮಗಳು. ವಿಜಯಪುರದಿಂದ ನಾನೇ ಮುಂದ ನಿಂತು ತಂದುಕೊಂಡಾಕಿ. "ಶಿವಿ, ಮನ್ಯಾಗ ಕಾಡತೂಸ ಏನರ ಕಂಡಿಯೇನವ?" ಅಂದೆ. "ಫೋನಿನ್ಯಾಗ ಬ್ಯಾಡ್ರಿ ಅತ್ತಿ" ಅಂದಳು. ನಾನು ಫೋನ್ ಇಟ್ಟು ಚಪ್ಪಲ್ ಹಾಕ್ಕೊಂಡೆ.

ಮೂರು ಕಾಡತೂಸ ಮನ್ಯಾಗ ಬಿಟ್ಟು ಹೋಗೂ ಧೈರ್ಯ ಇರಲಿಲ್ಲ. ಎಲಿಅಡಿಕಿ ಚೀಲದಾಗ ಹಾಕಿ ಸೊಂಟಕ್ಕ ಸಿಗಿಸಿಕೊಂಡೆ. ವಡಾಲಾದಾಗ ಲೋಕಲ್ ಹತ್ತಿದೆ. ಸೀಟು ಸಿಕ್ಕಿತ್ತು, ಆದ್ರ ಕುಂದ್ರಲಿಲ್ಲ. ವಿಲೆ ಪಾರ್ಲೆ ಬಂದಾಗ ಕಣ್ಣು ತಾನೇ ಪ್ಲಾಟ್‌ಫಾರ್ಮಿಗೆ ಹೋತು. ಅವರು ದಿನಾ ಇಳಿಯೋ ಸ್ಟೇಶನ್. ಅಂಧೇರಿಯಾಗ ಗಾಡಿ ಬದಲಿಸಿ ಬೊರಿವಲಿ ಮುಟ್ಟುದರಾಗ ಹನ್ನೆರಡಾಗಿತ್ತು. ದೇವಾನಂದ ಡ್ಯೂಟಿ ಮ್ಯಾಲಿದ್ದ, ಅಲ್ಲಿಂದಲೇ ಸೀದಾ ಠಾಣಾಕ್ಕ ಬರಾಂವ.

ಶಿವಕುಮಾರಿ ಬಾಗಿಲ ತಗದಳು. ಹಬ್ಬದಾಗ ನೋಡಿದ ಹುಡುಗಿ ಅಲ್ಲ. ಕಣ್ಣಾಗ ನಿದ್ದಿ ಇಲ್ಲ, ಕೊಳ್ಳಾಗಿನ ಎಲುಬು ಮ್ಯಾಲೆದ್ದಾವ.

"ಎಲ್ಲವ ಅವು?" ಅಂದೆ.

ಆಕಿ ಒಳಗ ಹೋಗಿ ಒಂದು ದಿಂಬು ತಂದಳು. ಗಲೀಫಿನ ಹೊಲಿಗಿ ಬಿಚ್ಚಿ ಎರಡು ಕಾಡತೂಸ ನನ್ನ ಮುಂದ ಇಟ್ಟಳು. ಕೆಂಪು ಬಣ್ಣದವು, ಹೆಬ್ಬೆರಳ ದಪ್ಪ. ಅವರ ಕೈ ತಾಗಿ ಬಣ್ಣ ಮಾಸಿದ್ವು, ಗುರುತು ಸಿಕ್ಕೇಬಿಟ್ಟಿತು.

"ಇದು ನನ್ನ ದಿಂಬ್ರಿ ಅತ್ತಿ. ದಿನಾ ಮಲಗೂ ಮುಂದ ಮುಟ್ಟಿ ನೋಡು ಅಂತಾರ. ಬಂದೂಕು ಬರೂತನ ಇವು ಇಲ್ಲೇ ಇರಲಿ, ಒಂದು ನಿನಗ, ಒಂದು ನನಗ ಅಂತಾರ. ಸಿಟ್ಟಿಲೆ ಅಲ್ರಿ. ನಕ್ಕೋತ ಅಂತಾರ."

"ಯಾಕ? ಏನಾಗಿತ್ತು?"

"ಒಂದು ತಿಂಗಳ ಮಟ್ಟಿಗೆ ಅಪ್ಪನ ಮನಿಗೆ ಹೋಗಿ ಬರತೀನಿ ಅಂದಿದ್ದೆ. ಅಷ್ಟೇ."

"ಯವ್ವಾ, ಇಷ್ಟು ದಿನ ನನಗ್ಯಾಕ ಹೇಳಲಿಲ್ಲ?"

"ನೀವು ಅವರ ಅವ್ವ ಅಲ್ಲೇನ್ರಿ" ಅಂದಳು.

ಕಪಾಳಕ್ಕ ಹೊಡದಂಗಾತು. ಅಣ್ಣನ ಮನಿ ಅಂಗಳದಾಗ ಕುಂತು, "ನನ್ನ ಮಗಳಂಗ ನೋಡಕೋತೀನಿ" ಅಂತ ಎದಿ ಮುಟ್ಟಿಕೊಂಡು ಹೇಳಿದಾಕಿ ನಾನೇ. "ಎರಡು ಸೀರಿ ತಗೊ, ನಡಿ" ಅಂದೆ. ಆಕಿ ಎಲ್ಲಿಗೆ ಅಂತಲೂ ಕೇಳಲಿಲ್ಲ. ಎರಡು ಕಾಡತೂಸ ಸೆರಗಿನ ತುದಿಗೆ ಗಂಟು ಕಟ್ಟಿ ಮುಷ್ಟಿಯಾಗ ಹಿಡಕೊಂಡೆ.

ಅಂಧೇರಿ ಸ್ಟೇಶನ್ನಿನ ಸೇತುವಿ ಮ್ಯಾಲ ಪೊಲೀಸರು ನಿಂತು ಮಂದಿ ಬ್ಯಾಗ್ ತಗಸಿ ನೋಡಾಕತ್ತಿದ್ದರು. ಕಾಯದೆ ಪ್ರಕಾರ ಈಗ ನಾನೂ ಗುನ್ಹೆಗಾರಳೇ. ಮೈಮ್ಯಾಲ ಸರಕಾರಿ ಲೆಕ್ಕದ ಐದು ಕಾಡತೂಸ, ಲೈಸೆನ್ಸ್ ಒಂದೂ ಇಲ್ಲ. ಒಬ್ಬ ಪೊಲೀಸ ಶಿವಕುಮಾರಿ ಚೀಲ ನೋಡಿದ, ಬರೇ ಸೀರಿ. ನನ್ನ ಮಾರಿ ನೋಡಿ "ಚಲಾ ಮಾವಶಿ" ಅಂತ ಮುಂದ ಬಿಟ್ಟ. ಅವನಿಗೆ ಕೈ ಮುಗೀಬೇಕು ಅನಿಸ್ತು, ಆದ್ರ ಮುಷ್ಟಿ ಬಿಚ್ಚಂಗಿರಲಿಲ್ಲ.

ಗಾಡಿಯಾಗ ತಲಿ ಒಂದೇ ಸಮ ಕೊರೀಲಿಕ್ಕತ್ತಿತ್ತು. ಐದೂ ಕೂಡಿಸಿ ಕೊಟ್ಟು, ಎಲ್ಲಾ ನನ್ನ ಕಡೇನೇ ಇದ್ದ್ವು ಅಂದ್ರ? ಬೈಸಿಕೊಂಡು ಹೋಗತೀನಿ, ಅಷ್ಟೇ. ಸಹಿ ಮಾತ್ರ ಒಲ್ಲೆ ಅನ್ನೋದು. ಆದ್ರ ಅವ್ವ ಯಾಕ ಒಲ್ಲೆ ಅಂದಳು ಅಂತ ಅವನ ಸಿಟ್ಟು ಯಾರ ಮ್ಯಾಲ ಇಳೀತದ? ಈ ಹುಡುಗಿ ಮ್ಯಾಲ. ಖರೇ ಹೇಳಿದ್ರ ಮಗನ ಮ್ಯಾಲ ಕೇಸು. ಬಂದೂಕಂತೂ ಹೋತು, ವಾಚ್‌ಮನ್ ನೌಕರಿನೂ ಹೋಗತದ. ಒಂಬತ್ತು ತಿಂಗಳು ಹೊತ್ತು ಹೆತ್ತಾಕಿ ನಾನು. ಅವನ ತಾಟಿಗೆ ನಾನೇ ಹೆಂಗ ಮಣ್ಣು ಹಾಕ್ಲಿ? ವಡಾಲಾ ಬರೂತನ ಒಂದು ತೀರ್ಮಾನಕ್ಕೂ ಬರಲಿಲ್ಲ.

ಠಾಣಾದಾಗ ದೇವಾನಂದ ಮೊದಲೇ ಬಂದು ಕುಂತಿದ್ದ. ಇಸ್ತ್ರಿ ಮಾಡಿದ ಅಂಗಿ, ತಲಿಗೆ ಎಣ್ಣಿ. ನನ್ನ ನೋಡಿ ನಕ್ಕ, ನನ್ನ ಹಿಂದ ಹೆಂಡ್ತಿನ ನೋಡಿ ನಗಿ ನಿಂತಿತು. "ನೀ ಯಾಕ ಬಂದಿ?" ಅಂದ ಆಕಿಗೆ.

"ನಾ ಕರಕೊಂಡು ಬಂದೀನಿ" ಅಂದೆ.

ಸಾಹೇಬ ಕನ್ನಡಕದ ಮನಿಷ್ಯಾ, ಶಾಂತ ಇದ್ದ. ಫಾರ್ಮ್ ಮುಂದಿಟ್ಟು ಮರಾಠಿಯಾಗ ಹೇಳಿದ. "ಬಾಯಿ, ಸಹಿ ಮಾಡೂ ಮೊದಲು ಕಾಡತೂಸ. ರಜಿಸ್ಟರದಾಗ ಐದು." ನಾನು ಎಲಿಅಡಿಕಿ ಚೀಲ ಬಿಚ್ಚಿ ಮೂರು ಟೇಬಲ್ ಮ್ಯಾಲ ಇಟ್ಟೆ. "ಇವು ನನ್ನ ದೇವರ ಜಗಲಿ ಮ್ಯಾಲ ಇದ್ದ್ವು. ಜಮಾ ಮಾಡಬೇಕಿತ್ತು, ಮಾಡಲಿಲ್ಲ. ಅದು ನನ್ನ ತಪ್ಪು" ಅಂದೆ, ನಾನೂ ಮರಾಠಿಯಾಗೇ.

"ಇನ್ನ ಎರಡು?"

ಸೆರಗಿನ ಗಂಟು ಮುಷ್ಟಿಯಾಗ ಬೆವತು ಹೋಗಿತ್ತು. ನಾನು ಮಗನ ಮಾರಿ ನೋಡಿದೆ. ಒಂದು ಮಾತು ಆಡಲಿ, ತಪ್ಪಾತವ್ವ ಅಂತ ಕಣ್ಣಿಲೇ ಹೇಳಲಿ ಅಂತ ಕಾದೆ. ಆ ದೇವರಾಣೆ, ಅಷ್ಟು ಮಾಡಿದ್ರ ನಾನು ಐದೂ ನನ್ನ ತಲಿ ಮ್ಯಾಲ ಹಾಕ್ಕೊಳ್ಳಾಕಿ ಇದ್ದೆ.

ಅವನು ಸಾಹೇಬನ ಕಡೆ ತಿರುಗಿ, ಮರಾಠಿಯಾಗ, ಭಾಳ ವಿನಯದಿಂದ ಅಂದ. "ಸಾಹೇಬ, ನಮ್ಮ ಅಪ್ಪನೇ ಎಲ್ಲೋ ಕಳದಿರಬೇಕು. ವಯಸ್ಸಾಗಿತ್ತು. ಎಣಿಕಿ ಕಡೆ ಅವರಿಗೆ ಅಷ್ಟು ಲಕ್ಷ್ಯ ಇರಲಿಲ್ಲ."

ಎಣಿಕಿ ಕಡೆ ಲಕ್ಷ್ಯ ಇರಲಿಲ್ಲ! ಮಳಿಯಾಗ ಲೋಕಲ್ ಬಂದ್ ಬಿದ್ದು, ಪಾರ್ಲೆದಿಂದ ಮೊಣಕಾಲ ನೀರಾಗ ನಡಕೊಂಡು ಬಂದ ದಿನಾನೂ, ಒದ್ದಿ ಬಟ್ಟಿ ಬಿಚ್ಚೂ ಮೊದಲು ನನ್ನ ಕೈಯಾಗ ಐದು ಎಣಿಸಿದ ಮನಿಷ್ಯಾ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ.

ನಾನು ಗಂಟು ಬಿಚ್ಚಿದೆ. ಬೆವತು ಬಿಗದಿತ್ತು, ಹಲ್ಲಿಲೆ ಬಿಚ್ಚಿದೆ. ಎರಡೂ ಮೂರರ ಪಕ್ಕಕ್ಕ ಇಟ್ಟೆ.

"ಇವು ಇವನ ಮನ್ಯಾಗ ಇದ್ದ್ವು ಸಾಹೇಬ. ಇವನ ಹೆಂಡ್ತಿ ದಿಂಬಿನ್ಯಾಗ. ಬಂದೂಕು ಬಂದ ಮ್ಯಾಲ ಒಂದು ಆಕಿಗೆ ಅಂತ ಹೇಳ್ಯಾನ. ಇವನಿಗೆ ಬಂದೂಕು ಕೊಡಲಿಕ್ಕೆ ನನ್ನ ತಕರಾರ ಅದ."

ಸಾಹೇಬ ಕನ್ನಡಕ ತಗದು ಶಿವಕುಮಾರಿನ ನೋಡಿದ. ಆಕಿ ತಲಿ ತಗ್ಗಿಸಲಿಲ್ಲ. "ಖರೇ ಅದರಿ" ಅಂದಳು, ಮರಾಠಿ ಬರಲಾರದ ಹುಡುಗಿ, ಕನ್ನಡದಾಗೇ. ಸಾಹೇಬ ಹವಾಲ್ದಾರನ್ನ ಕರದು ಬಾಗಿಲ ಹಾಕಿಸಿದ.

"ಅವ್ವ! ನಾ ಚ್ಯಾಷ್ಟಿ ಮಾಡಿದ್ದೆ. ಬರೇ ಚ್ಯಾಷ್ಟಿ" ಅಂದ ದೇವಾನಂದ. ದನಿ ಸಣ್ಣಾವಿದ್ದಾಗಿನದೇ ಆಗಿತ್ತು.

"ನಿಮ್ಮಪ್ಪ ನನ್ನ ಕೂಡ ಜೀವಮಾನ ಪೂರ್ತಿ ಚ್ಯಾಷ್ಟಿ ಮಾಡ್ಯಾರೋ" ಅಂದೆ. "ಕಾಡತೂಸ ಕೈಯಾಗ ಇದ್ದಾಗ ಒಂದು ದಿನಾನೂ ಮಾಡಲಿಲ್ಲ."

ಸಾಹೇಬ ಫಾರ್ಮ್ ಸರಿಸಿ ಬ್ಯಾರೆ ಹಾಳಿ ತಗೊಂಡು ನನ್ನ ತಕರಾರ ಬರೀಲಿಕ್ಕೆ ಸುರು ಮಾಡಿದ. ಬರದು ಮುಗಿಸಿ ಕಾಡತೂಸಕ್ಕ ಕೈ ಮುಂದ ಮಾಡಿದ. ನಾನು ಒಂದೊಂದಾಗಿ ಅವನ ಅಂಗೈಯಾಗ ಇಟ್ಟೆ. ರೂಢಿ ನೋಡ್ರಿ, ಬಾಯಿಗೆ ತಾನೇ ಬಂತು.

"ಐದು ಕೊಟ್ಟೆ" ಅಂದೆ.

ಅವನಿಗೆ ಕನ್ನಡ ತಿಳೀಲಿಲ್ಲ. ಪಾವತಿ ಹರದು ಕೊಟ್ಟ. ನನ್ನ ಕಣ್ಣು ಮಂಜಾಗಿದ್ವು, ಅದಕ್ಕ ಶಿವಕುಮಾರಿ ತಗೊಂಡು ಅಂಕಿ ನೋಡಿದಳು. "ಐದು ಅಂತ ಬರದಾರ ನೋಡ್ರಿ ಅತ್ತಿ" ಅಂದಳು. ಆಮ್ಯಾಲ ಆ ತಕರಾರಿನ ಹಾಳಿ ಮ್ಯಾಲ ಸಾಹೇಬ ತೋರಿಸಿದ ಜಾಗಾದಾಗ, ಮಗ ಅಳೂದು ಕೇಳಕೋತ, ಸೋಮವ್ವ ಸಾಯಬಣ್ಣ ವಾಲೀಕಾರ ಅಂತ ಪೂರ್ತಿ ಹೆಸರು ಬರದೆ.