ಹೋಯ್ಟ್ ನಿಲ್ಲುತ್ತಿದ್ದ ಜಾಗ

ಬ್ರಶಿ ಫೋರ್ಕ್ ರೇಸ್ ಮೈದಾನದ ಗ್ಯಾಲರಿಯ ಮೇಲ್ಛಾವಣಿಯಲ್ಲಿ, ಕಬ್ಬಿಣದ ಕಂಬಿಗೆ ಒರಗಿ ಮೂವತ್ತಾರು ಜನ ಸಾಲಾಗಿ ನಿಲ್ಲುತ್ತಾರೆ. ಕೆಳಗೆ ಸುತ್ತು ಹಾಕುವ ಮೂವತ್ತಾರು ಕಾರುಗಳಿಗೆ ಅವರೇ ಕಣ್ಣು. ಹೆಲ್ಮೆಟ್ಟು ತೊಟ್ಟು, ಮೈಗೆ ಪಟ್ಟಿ ಬಿಗಿದುಕೊಂಡು ಕೂತ ಚಾಲಕನಿಗೆ ಎದುರಿನದಷ್ಟೇ ಕಾಣುವುದು. ಎಡಮಗ್ಗುಲಲ್ಲಿ ಬೇರೆ ಕಾರಿದ್ದರೆ ಮೇಲಿನವನು ರೇಡಿಯೊದಲ್ಲಿ ‘ಒಳಗಿದ್ದಾನೆ’ ಎನ್ನಬೇಕು, ಇಲ್ಲದಿದ್ದರೆ ‘ಖಾಲಿ’ ಎನ್ನಬೇಕು. ಆ ಒಂದು ಮಾತನ್ನು ನಂಬಿ ಚಾಲಕ ಕಾರು ತಿರುಗಿಸುತ್ತಾನೆ.

ವರ್ಲನ್‌ಗೆ ಈ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದವು. ವಾರವಿಡೀ ಕೋಳಿ ಸಾಕುವುದು, ಭಾನುವಾರ ಬೆಳಗ್ಗೆ ಚರ್ಚು, ಆಮೇಲೆ ಈ ಛಾವಣಿ. ಅವನು ನಿಲ್ಲುತ್ತಿದ್ದುದು ತಂಗಿಯ ಮಗಳು ರೀವಾಳಿಗಾಗಿ. ಅವಳು ಐದು ವರ್ಷದಿಂದ ಓಡಿಸುತ್ತಿದ್ದಳು, ಒಮ್ಮೆಯೂ ಗೆದ್ದಿರಲಿಲ್ಲ.

ಅವನ ಎಡಕ್ಕೆ ಕಂಬಿಯಲ್ಲಿ ಮೂರಡಿ ಜಾಗ ಬರಿದಾಗಿತ್ತು. ಅದು ಹೋಯ್ಟ್ ತನ್ನ ಮಗನ ಕಾರಿಗೆ ಕಣ್ಣಾಗಿ ನಿಲ್ಲುತ್ತಿದ್ದ ಜಾಗ. ಅಲ್ಲಿ ನಿಲ್ಲಬೇಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಆ ದಿನ ಹೊರಗಿನಿಂದ ಬಂದ ಹೊಸಬನೊಬ್ಬ ಚೀಲವಿಟ್ಟು ನಿಂತವನು, ಸ್ವಲ್ಪ ಹೊತ್ತಿಗೆಲ್ಲ ತಣ್ಣನೆ ಗಾಳಿ ಹೊಡೆಯುತ್ತದೆಂದು ಗೊಣಗುತ್ತ ಆಚೆ ಸರಿದಿದ್ದ. ಗಾಳಿ ಇರಲಿಲ್ಲ. ಮೈದಾನದ ಬಾವುಟ ಕೋಲಿಗೆ ಅಂಟಿಕೊಂಡು ಇಳಿಬಿದ್ದಿತ್ತು.

ಎರಡು ವರ್ಷದ ಹಿಂದೆ ಇದೇ ಮೈದಾನದ ಮೂರನೇ ತಿರುವಿನಲ್ಲಿ ಹೋಯ್ಟ್‌ನ ಮಗ ಲೈಲ್ ಒಳದಾರಿಯಲ್ಲಿ ಕಾರಿನ ಮೂತಿ ತೂರಿಸಿದ್ದ. ರೀವಾ ಇಳಿಜಾರು ದಾರಿಯ ಹೊರಬದಿಯಿಂದ ಅವನ ಮೇಲೆಯೇ ಕಾರು ಇಳಿಸಿದಳು. ಅವನ ಕಾರು ಗೋಡೆಗೆ ಅಪ್ಪಳಿಸಿತು. ಲೈಲ್ ಉಳಿಯಲಿಲ್ಲ. ಆ ಚಳಿಗಾಲದಲ್ಲೇ ಹೋಯ್ಟ್ ಕೂಡ ಹೋದ. ವಿಚಾರಣೆಗೆ ಬಂದವರ ಎದುರು ವರ್ಲನ್, ಸೂರ್ಯ ಕಣ್ಣಿಗೆ ಹೊಡೆಯುತ್ತಿತ್ತು, ಕಾಣಲಿಲ್ಲ ಎಂದಿದ್ದ. ಎಲ್ಲರೂ ನಂಬಿದರು, ರೀವಾಳೂ ನಂಬಿದಳು.

ಛಾವಣಿಯಲ್ಲೊಂದು ರೂಢಿಯಿದೆ. ತನ್ನ ಚಾಲಕ ಇನ್ನೊಬ್ಬನ ಒಳಮಗ್ಗುಲಿಗೆ ನುಗ್ಗುವಾಗ ಮೇಲೆ ನಿಂತವನು ಆ ಇನ್ನೊಬ್ಬನ ಕಡೆಯವನ ಭುಜ ಎರಡು ಸಲ ತಟ್ಟುತ್ತಾನೆ, ಜಾಗ ಬಿಡು ಎಂದು. ಬಿಟ್ಟರೆ, ಆಮೇಲೆ ಅದೇ ಭುಜದ ಮೇಲೆ ಅಂಗೈ ಇಟ್ಟು ತೆಗೆಯುತ್ತಾನೆ. ಅದೇ ಉಪಕಾರ ಸ್ಮರಣೆ.

ಮುನ್ನೂರು ಸುತ್ತಿನ ಓಟದಲ್ಲಿ ಎಂಟು ಸುತ್ತು ಉಳಿದಿದ್ದಾಗ ರೀವಾ ಎರಡನೆಯವಳಾಗಿದ್ದಳು. ಮುಂದಿದ್ದ ಬಿಳಿ ಕಾರಿನ ಟಯರು ಸವೆದು, ಅದು ಪ್ರತಿ ತಿರುವಿನಲ್ಲೂ ಗೋಡೆಯ ಕಡೆ ಜಾರುತ್ತಿತ್ತು. ಒಳದಾರಿ ಕಪ್ಪಗೆ ಹೊಳೆಯುತ್ತ ತೆರೆದು ಬಿದ್ದಿತ್ತು. ಇಳಿದರೆ ಗೆಲುವು.

ಮೂರನೇ ತಿರುವು ಹತ್ತಿರವಾಯಿತು. ವರ್ಲನ್‌ನ ಎಡಭುಜಕ್ಕೆ ಎರಡು ತಟ್ಟು ಬಿತ್ತು.

ತಿರುಗಿ ನೋಡಿದ. ಬರೀ ಕಂಬಿ. ಅದರಾಚೆ ನಾಲ್ಕು ಹೆಜ್ಜೆ ದೂರದಲ್ಲಿ ಸೈಲಸ್ ತನ್ನ ಕಾರಿನ ಮೇಲೆ ಕಣ್ಣಿಟ್ಟು ನಿಂತಿದ್ದ. ಹೋಯ್ಟ್ ಸದಾ ದವಡೆಯಲ್ಲಿ ಒತ್ತಿಕೊಳ್ಳುತ್ತಿದ್ದ ಪುದೀನ ತಂಬಾಕಿನ ವಾಸನೆ ಸುಳಿದು ಹೋಯಿತು. ನರ ಮಿಡಿದಿರಬೇಕು ಎಂದುಕೊಂಡ. ಮುಂದಿನ ಸುತ್ತು, ಅದೇ ತಿರುವು. ಮತ್ತೆ ಎರಡು ತಟ್ಟು, ಈ ಸಲ ಜೋರಾಗಿ.

“ಮಾಮ, ಇಳೀತೀನಿ. ಖಾಲಿ ಇದ್ಯಾ?” ರೇಡಿಯೊದಲ್ಲಿ ರೀವಾ ಕೇಳಿದಳು.

ದಾರಿ ಖಾಲಿಯಿತ್ತು. ಅದನ್ನು ಅವನು ತನ್ನ ಕೈಯಷ್ಟೇ ಸ್ಪಷ್ಟವಾಗಿ ನೋಡುತ್ತಿದ್ದ. ಭುಜದ ಮೇಲೆ ಅಂಗಿ ಇನ್ನೂ ಅದುಮಿಕೊಂಡೇ ಇತ್ತು.

“ಒಳಗಿದ್ದಾನೆ,” ಎಂದ.

“ಯಾರು?”

“ಒಳಗಿದ್ದಾನೆ ಅಂದ್ನಲ್ಲ. ಜಾಗ ಬಿಡು.”

ಅವಳು ಬಿಟ್ಟಳು. ಸುತ್ತು ಸುತ್ತಿಗೂ ಅವಳು ಕೇಳಿದಳು, ಸುತ್ತು ಸುತ್ತಿಗೂ ಅವನು ಅದನ್ನೇ ಹೇಳಿದ. ಸೈಲಸ್ ಒಂದು ಕಿವಿಯ ಹೆಡ್‌ಫೋನು ಸರಿಸಿ ಇತ್ತ ನೋಡಿ, “ಏನಪ್ಪಾ, ಚರ್ಚಲ್ಲಿ ಇವತ್ತು ದ್ರಾಕ್ಷಿ ರಸದ ಬದ್ಲು ಬೇರೆ ಏನಾದ್ರೂ ಕೊಟ್ರಾ?” ಎಂದ. ವರ್ಲನ್ ಮೂರನೇ ತಿರುವಿನಿಂದ ಕಣ್ಣು ತೆಗೆಯಲಿಲ್ಲ.

ಬಿಳಿ ಕಾರು ಒಂದು ಕಾರಿನುದ್ದ ಮೊದಲೇ ಗೆರೆ ದಾಟಿತು. ಜನ ಎದ್ದು ನಿಂತು ಕೂಗುತ್ತಿದ್ದಾಗ ವರ್ಲನ್‌ನ ಎಡಭುಜದ ಮೇಲೆ ಒಂದು ಅಂಗೈ ಕೂತಿತು. ಭಾರವಾಗಿ, ಬಾವಿಯ ಕಲ್ಲಿನಷ್ಟು ತಣ್ಣಗೆ. ಒಂದು ಕ್ಷಣ ಇದ್ದು, ಎದ್ದು ಹೋಯಿತು.

ಕಾರು ಸಾಗಿಸುವ ಲಾರಿಯ ಹಿಂದೆ ರೀವಾ ಕಾದಿದ್ದಳು. ಬೆವರಿಗೆ ಕೂದಲು ಹಣೆಗೆ ಮೆತ್ತಿತ್ತು. ಕೂಗಾಡುತ್ತಾಳೆಂದು ಅವನು ಅಂದುಕೊಂಡಿದ್ದ. ಅವಳು ಮೆಲ್ಲಗೆ ಕೇಳಿದಳು.

“ಓಟದ ವಿಡಿಯೊ ತೋರಿಸಿದ್ರು ಮಾಮ. ಅಲ್ಲಿ ಯಾರೂ ಇರ್ಲಿಲ್ಲ. ಆದ್ರೆ ಪಕ್ಕದಲ್ಲಿ ಕಾರಿದ್ರೆ ಗಾಳಿ ಹೆಂಗೆ ತಳ್ಳುತ್ತೋ ಹಂಗೇ ತಳ್ತಿತ್ತು. ಯಾರಿದ್ರು?”

“ಲೈಲು.”

ಅವಳು ಹಣೆಗೆ ಮೆತ್ತಿದ ಕೂದಲನ್ನು ಹಿಂದಕ್ಕೆ ತಳ್ಳಿದಳು.

“ಆವತ್ತು ಹೋಯ್ಟ್ ನನ್ನ ಭುಜ ತಟ್ಟಿದ್ದ,” ಎಂದ ವರ್ಲನ್. “ಕಂಡಿತ್ತು ನಂಗೆ. ಲೈಲೇ ಹಿಂದೆ ಸರೀತಾನೆ, ನೀನು ಗೆಲ್ತೀಯ ಅಂತ ಖಾಲಿ ಅಂದ್ಬಿಟ್ಟೆ.”

ರೀವಾ ಕೈಗವಸು ಕಳಚಿದಳು. ಒಂದನ್ನು ಕಳಚಿ, ಬಹಳ ಹೊತ್ತಿನ ಮೇಲೆ ಇನ್ನೊಂದನ್ನು. ಹೋಯ್ಟ್‌ನ ಹೆಂಡತಿ ಓಮಾಳಿಗೆ ಗೊತ್ತಾ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ.

“ಗಾಡಿ ಹತ್ತು,” ಎಂದಳು ರೀವಾ. “ಓಮಾ ಅತ್ತೆ ಮನೇಲೇ ಇರ್ತಾಳೆ.”

ಅವಳೇ ಪಿಕಪ್ ಓಡಿಸಿದಳು, ಅವನು ಬಲಕ್ಕೆ ಕೂತ. ಮೈದಾನದ ಗೇಟು ದಾಟಿ ಕೆಮ್ಮಣ್ಣಿನ ರಸ್ತೆ ಡಾಂಬರು ರಸ್ತೆಗೆ ಸೇರುವಲ್ಲಿ ಗಾಡಿ ನಿಲ್ಲಿಸಿ, ಹಳೆಯ ಅಭ್ಯಾಸದಂತೆ ಕೇಳಿದಳು.

“ನಿನ್ನ ಕಡೆ?”

ವರ್ಲನ್ ಬಲಕ್ಕೆ ನೋಡಿದ. ಜೋಳ ಕೊಯ್ದ ಹೊಲ, ಸಂಜೆ ಬಿಸಿಲು, ಬರಿದಾದ ರಸ್ತೆ. ಬಹಳ ಹೊತ್ತು ನೋಡಿದ.

“ಖಾಲಿ,” ಎಂದ.

ರೀವಾ ಸ್ಟಿಯರಿಂಗಿನ ಮೇಲೆ ಮುಂದಕ್ಕೆ ಬಾಗಿ, ಅವನನ್ನು ದಾಟಿ ತಾನೇ ಒಮ್ಮೆ ನೋಡಿದಳು. ಆಮೇಲೆ ಗಾಡಿ ಬಿಟ್ಟಳು.