ಹಿಮನದಿಗೆ ಒಂದೇ ಟಿಕೆಟ್ಟು

ಪಾಂಡವಪುರದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತಳಾದ ವೆಂಕಟಮ್ಮ, ಯಾವ ಕಾಲದಲ್ಲೋ ಕೊಂಡಿಟ್ಟಿದ್ದ ಸೈಟೊಂದನ್ನು ಮಾರಿ, ತಮ್ಮನ ಸಂಸಾರವನ್ನೂ ಕಟ್ಟಿಕೊಂಡು ಅಲಾಸ್ಕಕ್ಕೆ ಹಡಗಿನಲ್ಲಿ ಹೋಗುತ್ತೇನೆ ಅಂದಾಗ, ಕೆ.ಆರ್. ಪೇಟೆಯಲ್ಲಿ ಚಿನ್ನಬೆಳ್ಳಿ ಕೆಲಸದ ಅಂಗಡಿ ಇಟ್ಟುಕೊಂಡಿದ್ದ ತಮ್ಮ ಚಂದ್ರಶೇಖರ ನಕ್ಕುಬಿಟ್ಟ.

"ಜನ ಕಾಶಿಗೆ ಓಯ್ತಾರೆ, ಬದರಿಗೆ ಓಯ್ತಾರೆ. ಇದ್ಯಾವ್ದಕ್ಕ ನಿಂದು?"

"ಕಾಶಿ ಎಲ್ಲೂ ಓಗಲ್ಲ ಕಣ್ಲಾ, ಅಲ್ಲೇ ಇರ್ತದೆ. ಮಂಜುಗಡ್ಡೆ ಕರಗೋಗ್ತಾ ಅದೆ," ಅಂದಳು ಅಕ್ಕ. "ಮೂವತ್ತಮೂರು ವರ್ಷ ಬೋರ್ಡಿನ ಮೇಲೆ ಹಿಮನದಿ ಹಿಮನದಿ ಅಂತ ಬರ್ದಿವ್ನಿ. ಒಂದ್ಸಲ ಕಾಲಲ್ಲಿ ತುಳೀಬೇಕು."

ಚಂದ್ರ ಮತ್ತೆ ವಾದ ಮಾಡಲಿಲ್ಲ. ಅಕ್ಕನ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಅಪ್ಪ ಕಾಮಾಲೆಯಾಗಿ ತೀರಿಕೊಂಡಾಗ ಅವನಿಗೆ ಹನ್ನೊಂದು, ಅವಳಿಗೆ ಇಪ್ಪತ್ತು. ಆಮೇಲೆ ಅವಳು ಓದಿ ಕೆಲಸ ಹಿಡಿದು, ಅಮ್ಮನನ್ನು ಕೊನೆತನಕ ನೋಡಿಕೊಂಡು, ಅವನನ್ನು ದಾರಿಗೆ ಹಚ್ಚಿದಳು. ಚಂದ್ರ ಒಂದು ನೆಲೆ ಕಾಣಲಿ ಆಮೇಲೆ ನೋಡೋಣ ಎಂದು ಬಂದ ಸಂಬಂಧಗಳನ್ನೆಲ್ಲ ಹಿಂದಕ್ಕೆ ಕಳಿಸಿದಳು. ಚಂದ್ರ ನೆಲೆ ಕಾಣುವ ಹೊತ್ತಿಗೆ ಸಂಬಂಧಗಳು ಬರುವುದೇ ನಿಂತುಹೋಗಿತ್ತು. ಅದನ್ನು ಅವಳು ಯಾವತ್ತೂ ಎತ್ತಿ ಆಡಿದವಳಲ್ಲ. ಎತ್ತಿ ಆಡದೆ ಇದ್ದುದರಿಂದಲೇ ಇರಬೇಕು, ಅವನೂ ಆ ವಿಷಯ ಅಷ್ಟಾಗಿ ನೆನೆಸಿಕೊಂಡವನಲ್ಲ.

ಹೊರಡುವುದಕ್ಕೆ ಎರಡು ತಿಂಗಳಿದೆ ಅನ್ನುವಾಗ ಒಂದು ಭಾನುವಾರ ಅಕ್ಕ ಎಲ್ಲರನ್ನೂ ಪಾಂಡವಪುರಕ್ಕೆ ಕರೆಸಿಕೊಂಡಳು. ಚಂದ್ರ, ಅವನ ಹೆಂಡತಿ ಕಮಲಾಕ್ಷಿ, ಬಿ.ಕಾಂ ಮುಗಿಸಿದ್ದ ಮಗಳು ಭೂಮಿಕ ಮೂವರೂ ಬಂದರು. ಉಪ್ಪಿಟ್ಟು ತಿಂದಾದ ಮೇಲೆ ಅಕ್ಕ ನಾಲ್ಕು ಹಾಳೆ ತಂದು ಚಾಪೆಯ ಮೇಲೆ ಹರಡಿದಳು. ಮೈಸೂರಿನ ಟ್ರಾವೆಲ್ಸಿನವರು ಕಳಿಸಿದ ಪಟ್ಟಿ ಅದು. ಹಡಗು ಮೂರು ಊರುಗಳಲ್ಲಿ ನಿಲ್ಲುತ್ತದೆ. ಒಂದೊಂದು ಊರಲ್ಲೂ ಇಳಿದು ಏನೇನು ನೋಡಬಹುದು ಅಂತ ಬರೆದಿದ್ದಾರೆ. ಯಾರು ಎಲ್ಲಿಗೆ ಹೋಗುತ್ತಾರೆಂದು ಮೊದಲೇ ಹೇಳಿ ಸೀಟು ಹಿಡಿಯಬೇಕು.

"ನೀನೇ ಓದವ್ವ ಭೂಮಿ," ಅಂದಳು ಅಕ್ಕ. "ನನ್ನ ಕನ್ನಡಕದ ನಂಬರು ಬದಲಾಗಿರೋ ಅಂಗದೆ."

ಭೂಮಿಕ ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ತಿಮಿಂಗಿಲ ತೋರಿಸುವ ದೋಣಿ. ಬೆಟ್ಟ ಹತ್ತುವ ಹಳೇ ಕಾಲದ ರೈಲು. ನಾಯಿ ಎಳೆಯುವ ಗಾಡಿ. ಕಾಡಿನ ಮರದಿಂದ ಮರಕ್ಕೆ ಹಗ್ಗದ ಮೇಲೆ ಜಾರುವುದು. ಹಿಮನದಿಯ ಬುಡಕ್ಕೆ ನಡಿಗೆ. ತೊರೆಯಲ್ಲಿ ಚಿನ್ನ ಜಾಲಿಸುವುದು.

"ಏನಂದೆ? ಚಿನ್ನವಾ?" ಅಂತ ಚಂದ್ರ ನೆಟ್ಟಗೆ ಕೂತ. ಅವನ ಅಂಗಡಿಯ ಕಸವನ್ನು, ಅದರಲ್ಲಿ ಸೇರಿದ ಚಿನ್ನದ ಪುಡಿಗಾಗಿ, ವರ್ಷಕ್ಕೊಮ್ಮೆ ಜಾಲಿಸುವವರು ಬಂದು ಕೊಂಡು ಹೋಗುತ್ತಿದ್ದರು. ಹೊಳೆಯ ಮರಳಿನಿಂದಲೇ ಚಿನ್ನ ತೆಗೆಯುವುದನ್ನು ಅವನು ಬದುಕಿನಲ್ಲಿ ಕಂಡಿರಲಿಲ್ಲ. "ನಂಗದೇ ಇರಲಿ ಕಣವ್ವ."

"ನಂಗೆ ಹಗ್ಗದ ಮೇಲೆ ಜಾರೋದು," ಅಂದಳು ಭೂಮಿಕ.

"ನಂಗೆ ನಡೆಯೋದು ಗಿಡೆಯೋದು ಬ್ಯಾಡ. ಮಂಡಿ ನೋವು. ಅಂಗಡಿ ಬೀದಿ ಇದ್ರೆ ಸಾಕು," ಅಂದಳು ಕಮಲಾಕ್ಷಿ.

ಅಕ್ಕ ಒಬ್ಬೊಬ್ಬರ ಕಡೆಗೂ ಮುಖ ತಿರುಗಿಸಿ ಕೇಳಿಸಿಕೊಂಡಳು. "ನಾಕು ಜನಾನೂ ಒಂದೇ ಕಡೀಗೆ ಓದ್ರೆ ಚಂದ ಅಲ್ವಾ?" ಅಂದಳು.

"ಅತ್ತೆ, ಅಷ್ಟು ದೂರ ಹೋಗಿ ಎಲ್ರೂ ಒಂದನ್ನೇ ನೋಡ್ಕೊಂಡು ಬಂದ್ರೆ ಏನು ಬಂತು? ಒಬ್ಬೊಬ್ರು ಒಂದೊಂದು ನೋಡಿದ್ರೆ ಸಾಯಂಕಾಲ ಹೇಳ್ಕೋಬಹುದು."

ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಚಂದ್ರನೂ ತಲೆಯಾಡಿಸಿದ. ಅಕ್ಕ ಹಾಳೆಗಳನ್ನು ಮಡಚಿಟ್ಟಳು. ಮಾರನೆ ದಿನ ಟ್ರಾವೆಲ್ಸಿನ ಹುಡುಗ ಫೋನು ಮಾಡಿ, "ಹಿಮನದಿಗೆ ಒಂದೇ ಟಿಕೆಟ್ಟಾ ಮೇಡಂ?" ಎಂದು ಎರಡೆರಡು ಸಲ ಕೇಳಿದನಂತೆ. ಹೂಂ, ಒಂದೇ, ಅಂದಳಂತೆ.

ಜೂನ್ ತಿಂಗಳಲ್ಲಿ ವ್ಯಾಂಕೂವರಿನಿಂದ ಹಡಗು ಹೊರಟಿತು. ಹಡಗು ಅಂದರೆ ಒಂದು ಊರೇ. ಕಮಲಾಕ್ಷಿ ಮನೆಯಿಂದ ಕೋಡುಬಳೆ, ಚಟ್ನಿಪುಡಿ ಹೊತ್ತುಕೊಂಡು ಬಂದಿದ್ದಳು. ಭೂಮಿಕ ಫೋನು ಹಿಡಿದು ಮಹಡಿಯಿಂದ ಮಹಡಿಗೆ ಓಡಾಡುತ್ತಿದ್ದಳು. ಅಕ್ಕ ಮಾತ್ರ ಗೋಡೆಯ ಪಕ್ಕದ ಕಂಬಿ ಹಿಡಿದೇ ನಡೆಯುತ್ತಿದ್ದಳು. ಮೊದಲನೇ ದಿನವೇ ಊಟದ ಹಾಲಿನಲ್ಲಿ ಕಪ್ಪು ಬಸಿ ಪೇರಿಸಿದ್ದ ತಳ್ಳುಗಾಡಿಗೆ ಡಿಕ್ಕಿ ಹೊಡೆದು ಎರಡು ಕಪ್ಪು ಒಡೆದಳು.

"ನೋಡ್ಕೊಂಡು ನಡಿ ಅಕ್ಕ, ಅಷ್ಟು ದೊಡ್ಡ ಗಾಡಿ ಕಾಣಲ್ವಾ?" ಅಂತ ಚಂದ್ರ ಗದರಿದ. ಜನರ ಮುಂದೆ ಅವನಿಗೆ ನಾಚಿಕೆಯಾಗಿತ್ತು.

"ಅಡಗು ತೂಗ್ತದಲ್ಲ, ಅದಕ್ಕೆ," ಅಂದಳು.

ಸಮುದ್ರ ಕೆರೆಯ ನೀರಿನ ಹಾಗೆ ಅಲುಗಾಡದೆ ಇತ್ತು. ಅದು ಆಗ ಅವನ ತಲೆಗೆ ಹೋಗಲಿಲ್ಲ.

ಮೊದಲನೇ ಊರು ಜೂನೊ. ಅಲ್ಲಿ ಇಳಿಯುವುದರ ಹಿಂದಿನ ಸಾಯಂಕಾಲ ಅಕ್ಕ ಅವನ ಕೋಣೆಯ ಬಾಗಿಲಿಗೆ ಬಂದಳು. ಶಾಲು ಹೊದ್ದುಕೊಂಡಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ.

"ಚಂದ್ರ, ನಾಳೀಕೆ ನೀನು ನಂಜೊತೆ ಬತ್ತೀಯಾ? ಕೌಂಟರಿನಲ್ಲಿ ಕೇಳಿದ್ರೆ ಈಗ್ಲೂ ಬದಲಾಯಿಸಿ ಕೊಡ್ತಾರಂತೆ."

ಅವನು ಆಗ ತಾನೇ ಮಾರನೆ ದಿನಕ್ಕೆಂದು ಬೂಟಿಗೆ ದಾರ ಪೋಣಿಸುತ್ತಿದ್ದ. "ಗೈಡು ಇರ್ತಾರಲ್ಲಕ್ಕ. ಕರ್ಕೊಂಡೋಗಿ ಕರ್ಕೊಂಡ್ಬತ್ತಾರೆ. ನಾನು ಚಿನ್ನ ತೆಗೆಯೋದು ನೋಡ್ಬೇಕು ಅಂತ ಇಲ್ಲೀಗಂಟ ಬಂದಿವ್ನಿ. ಅದನ್ನೂ ಬುಡು ಅಂತೀಯಾ?"

"ಇಲ್ಲಪ್ಪ. ಓಗು ನೀನು," ಅಂದು ಅವಳು ಕಂಬಿ ಹಿಡಿದುಕೊಂಡು ಹೋದಳು.

ಮಾರನೆ ದಿನ ಚಂದ್ರ ಮೊಣಕಾಲುದ್ದದ ನೀರಿನಲ್ಲಿ ನಿಂತು, ತಟ್ಟೆಯಲ್ಲಿ ಮರಳು ಅಲ್ಲಾಡಿಸಿ ಅಲ್ಲಾಡಿಸಿ, ಸಾಸಿವೆಗಿಂತ ಚಿಕ್ಕವು ನಾಲ್ಕು ಚೂರು ಚಿನ್ನ ತೆಗೆದ. ಕಲಿಸುವವನು ಇವನ ಕೈಚಳಕ ಕಂಡು ಬೆರಗಾಗಿ ಹೆಸರು ಕೇಳಿದ. ಅವನ ಬದುಕಿನಲ್ಲಿ ಅಷ್ಟು ಹಗುರವಾದ ದಿನ ಬಹಳ ಇರಲಿಲ್ಲ. ಹಡಗಿಗೆ ಬಂದವನೇ ಅಕ್ಕನಿಗೆ ತೋರಿಸಬೇಕೆಂದು ಕಾದು ಕೂತ. ಅವಳು ಮೂರು ಗಂಟೆಗೆ ಬಂದಳು.

"ಎಂಗಿತ್ತಕ್ಕ?"

"ಚೆನ್ನಾಗಿತ್ತು. ವರ್ಷಾನುಗಟ್ಟಲೆ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಒತ್ತಿ ಗಡ್ಡೆಯಾಗಿ, ಇಳಿಜಾರಿನ ಕಡೆಗೆ ನಿಧಾನಕ್ಕೆ ಜರುಗ್ತದೆ."

"ಪಾಠ ಒಪ್ಪಿಸ್ತಾ ಇದ್ದೀಯಲ್ಲ," ಅಂತ ಅವನು ನಕ್ಕ. ಅವಳೂ ನಕ್ಕಳು. ಚಿನ್ನದ ಚೂರುಗಳನ್ನು ಅಂಗೈಗೆ ಹಾಕಿಸಿಕೊಂಡು, ಬೆರಳಿನಿಂದ ಸವರಿ, "ಭೇಷ್," ಅಂದಳು.

ಎರಡನೇ ಊರಿನಲ್ಲಿ ಕಮಲಾಕ್ಷಿ, ಭೂಮಿಕ, ಚಂದ್ರ ಮೂವರೂ ಬೆಟ್ಟದ ರೈಲು ಹತ್ತಿದರು. ಅಕ್ಕ ತಲೆನೋವು ಅಂತ ಹಡಗಿನಿಂದ ಇಳಿಯಲೇ ಇಲ್ಲ.

ಅದರ ಮಾರನೆಯ ಬೆಳಗ್ಗೆ ಹಡಗು ಒಂದು ಕೊಲ್ಲಿಯೊಳಕ್ಕೆ ಹೋಯಿತು. ಅಲ್ಲಿ ಇಳಿಯುವುದಿಲ್ಲ, ಹಡಗಿನ ಮೇಲೆಯೇ ನಿಂತು ಹಿಮನದಿ ಸಮುದ್ರಕ್ಕೆ ಸೇರುವ ಜಾಗ ನೋಡುವುದು. ಹಡಗಿನ ಮಂದಿಯೆಲ್ಲ ಕಂಬಳಿ ಹೊದ್ದು ಹೊರಗೆ ಬಂದಿದ್ದರು. ಚಂದ್ರ ಅಕ್ಕನ ಪಕ್ಕ ಕಂಬಿಗೆ ಒರಗಿ ನಿಂತಿದ್ದ. ಎದುರಿಗೆ ಒಂದು ಮೈಲಿ ಅಗಲದ ಮಂಜುಗಡ್ಡೆಯ ಗೋಡೆ.

"ಅಕ್ಕ, ಅಲ್ನೋಡು! ಆ ಮೂಲೇಲಿ ಬೀಳೋ ಅಂಗೆ ಬಾಗದೆ, ನೋಡ್ದಾ?"

"ಹೂಂ, ನೋಡ್ದೆ," ಅಂದಳು.

ಅವಳು ನೋಡುತ್ತಿದ್ದುದು ಬೇರೆ ಕಡೆ. ಬಲಗಡೆಯ ಕರೀ ಬೆಟ್ಟದ ಕಡೆಗೆ ಮುಖ ಮಾಡಿ, ಕಣ್ಣು ಅಗಲಿಸಿಕೊಂಡು, ಮುಖದಲ್ಲಿ ನಗು ತಂದುಕೊಂಡು ನಿಂತಿದ್ದಳು.

ಚಂದ್ರ ಕೈಯನ್ನು ಮೆಲ್ಲಗೆ ಅವಳ ಕೆನ್ನೆಯ ಪಕ್ಕಕ್ಕೆ ತಂದ. ಅವಳು ತಿರುಗಲಿಲ್ಲ. ಇನ್ನೂ ಮುಂದಕ್ಕೆ ತಂದ. ಕೈ ಮೂಗಿನ ನೇರಕ್ಕೆ ಬಂದಾಗ ಮಾತ್ರ ಅವಳು ರೆಪ್ಪೆ ಹೊಡೆದಳು.

"ಯಾವಾಗಿಂದ ಅಕ್ಕ?"

"ಎರಡು ವರ್ಷ ಆಯ್ತು. ಕಣ್ಣಿನ ಒತ್ತಡ ಜಾಸ್ತಿಯಾಗಿ ನರ ಒಣಗ್ತದಂತೆ. ಪಕ್ಕದ ನೋಟ ಮೊದ್ಲು ಹೋಯ್ತದೆ. ಈಗ ಮಧ್ಯದಲ್ಲೂ ಹೊಗೆ ತುಂಬ್ದಂಗೆ. ಹೋಗಿದ್ದು ವಾಪಸು ಬರಲ್ಲ ಅಂದ್ರು ಮೈಸೂರಿನ ಡಾಕ್ಟ್ರು."

"ಮತ್ತೆ ಜೂನೊದಲ್ಲಿ? ಅಲ್ಲಿ ಚೆನ್ನಾಗಿತ್ತು ಅಂದ್ಯಲ್ಲ?"

"ಬಸ್ಸಿಳಿದೆ. ಎಲ್ರೂ ಸರಸರ ಓಗ್ಬುಟ್ರು. ಮರದ ನೆರಳಲ್ಲಿ ದಾರಿ ಯಾವ್ದು, ಗುಂಡಿ ಯಾವ್ದು ಗೊತ್ತಾಗ್ಲಿಲ್ಲ. ನಾಕು ಹೆಜ್ಜೆ ಇಟ್ಟೆ, ಜಾರ್ತು. ವಾಪಸು ಬಂದು ಬಸ್ಸಲ್ಲೇ ಕೂತ್ಕೊಂಡೆ. ಬಸ್ಸು ಓಡ್ಸೋಳು ನನ್ನಷ್ಟೇ ವಯಸ್ಸಿನೋಳು. ಫ್ಲಾಸ್ಕಿಂದ ಟೀ ಕೊಟ್ಲು. ಅವಳ ಮಾತು ನಂಗೆ ಅರ್ಧ ತಿಳೀತು. ಇಬ್ರೂ ಕೂತಿದ್ವಿ."

"ನಂಗ್ಯಾಕೆ ಹೇಳ್ಲಿಲ್ಲ? ಒಂದ್ಮಾತು ಹೇಳಿದ್ರೆ ನಾನು ಬತ್ತಿರ್ಲಿಲ್ವಾ?"

"ಬತ್ತಿದ್ದೆ. ಕುರುಡಿ ಆಯ್ತಾಳೆ ಪಾಪ ಅಂತ ಬತ್ತಿದ್ದೆ." ಅವಳು ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. "ನಂಗೆ ಅಂಗೆ ಬೇಕಿರ್ಲಿಲ್ಲ ಕಣ್ಲಾ. ಅಕ್ಕನ ಜೊತೆ ಓಗನಾ ಅಂತ ನೀನಾಗಿ ಬರ್ಲಿ ಅಂತಿತ್ತು."

ಅಷ್ಟರಲ್ಲಿ ಗುಡುಗಿನಂಥ ಸದ್ದಾಯಿತು. ಜನ ಹೋ ಎಂದರು. ಅಕ್ಕ ಅವನ ತೋಳು ಹಿಡಿದಳು. "ಬಿತ್ತಾ? ಬಿತ್ತಾ ಚಂದ್ರ? ಎಂಗಿತ್ತು ಹೇಳು."

ಚಂದ್ರ ಹೇಳತೊಡಗಿದ. ಮಾತು ಅವನಿಗೆ ಸಲೀಸಾಗಿ ಬರುತ್ತಿರಲಿಲ್ಲ. ಅವನ ಕಸುಬೆಲ್ಲ ಕೈಯಲ್ಲಿ. ಮೇಲ್ಗಡೆ ಬಿಳಿಯೂ ಅಲ್ಲ, ಕೊಳೆ ಬೆಳ್ಳಿಯ ಬಣ್ಣ ಅಂದ. ಈಗ ಮುರಿದುಬಿದ್ದ ಕಡೆ ಒಳಗೆ ನೀಲಿ, ನೀಲದ ಕಲ್ಲನ್ನು ದೀಪಕ್ಕೆ ಹಿಡಿದಾಗ ಕಾಣುವ ನೀಲಿ ಅಂದ. ನೀರಿನ ತುಂಬಾ ಚೂರುಗಳು ತೇಲುತ್ತಿವೆ, ಕೆಲವು ಎತ್ತಿನಗಾಡಿಯಷ್ಟು ದೊಡ್ಡವು ಅಂದ.

"ಬಿರುಕು? ಉದ್ದುದ್ದ ಬಿರುಕು ಅವಾ?"

"ಅವೆ. ಮೇಲಿಂದ ಕೆಳೀಕೆ."

"ಅಂಚಲ್ಲಿ ಕಲ್ಲು ಮಣ್ಣಿನ ಗುಪ್ಪೆ ಇರ್ಬೇಕು, ಕರೀ ಗೆರೆ ಎಳ್ದಂಗೆ."

ಅವನು ಹುಡುಕಿ ನೋಡಿದ. ಇತ್ತು. ಅವಳು ಹೇಳಿದ ಕಡೆಯೇ ಇತ್ತು. "ಅದೆ ಅಕ್ಕ," ಅಂದ. ಎರಡು ಗಂಟೆ ಹಾಗೆಯೇ ನಿಂತಿದ್ದರು. ಅವನು ಕಂಡದ್ದರಲ್ಲಿ ಕಾಲುಪಾಲೂ ಸರಿಯಾಗಿ ಹೇಳಲಿಲ್ಲವೆಂದು ಅವನಿಗೇ ಗೊತ್ತಿತ್ತು.

ಆ ಮಧ್ಯಾಹ್ನ ವಿಷಯ ಕೇಳಿ ಕಮಲಾಕ್ಷಿ ಹಣೆ ಚಚ್ಚಿಕೊಂಡಳು. ಭೂಮಿಕ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತು, ಕಣ್ಣು ಒರೆಸಿಕೊಂಡು ಬಂದು, "ಅಪ್ಪ, ನಂಗೆ ಹಗ್ಗದ ಮೇಲೆ ಜಾರೋದು ಬೇಡ. ಎಲ್ರಿಗೂ ಒಂದೇ ತಗೋ," ಅಂದಳು. ಚಂದ್ರ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು, ಮಗಳ ಕೈಯಲ್ಲಿ ಮಾತಾಡಿಸಿ, ಉಳಿದಿದ್ದ ಒಂದೇ ಊರಿಗೆ ನಾಲ್ಕು ಸೀಟು ಹಿಡಿದ. ಹಳೇ ದೇವದಾರು ಮರಗಳ ಕಾಡಿನೊಳಗೆ ಹಲಗೆ ಹಾಸಿದ ದಾರಿಯಂತೆ. ಎಡವುವುದಕ್ಕೇನೂ ಇಲ್ಲವಂತೆ. ಮರದ ತೊಗಟೆ ಮುಟ್ಟಬಹುದು, ತೊರೆಯ ಸದ್ದು ಕೇಳಬಹುದು. ಅಕ್ಕ ಆ ನಾಲ್ಕು ಟಿಕೆಟ್ಟುಗಳನ್ನು ಕೈಯಲ್ಲಿ ಹಿಡಿದು, ಒಂದರ ಮೇಲೊಂದು ಸರಿಮಾಡಿ ಜೋಡಿಸಿ, "ಎಂಟು ಗಂಟೆಗೇ ಎದ್ದು ರೆಡಿಯಾಗ್ಬೇಕು, ಭೂಮಿ ತಡ ಮಾಡ್ತಾಳೆ," ಅಂದಳು.

ಮಾರನೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಅವಳೇ ಸ್ವೆಟರು ಬೂಟು ಹಾಕಿಕೊಂಡು ಕೂತಿದ್ದಳು. ಏಳೂವರೆಗೆ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ ಮಾತಾಡಿದ. ಭೂಮಿಕ ಕೇಳಿಸಿಕೊಂಡು ಬಿಳಿಚಿಕೊಂಡಳು. ಗಾಳಿ ವಿಪರೀತ ಇರುವುದರಿಂದ ಹಡಗನ್ನು ದಡಕ್ಕೆ ಕಟ್ಟಲಾಗುವುದಿಲ್ಲ, ಊರನ್ನು ಬಿಟ್ಟು ಮುಂದೆ ಹೋಗುತ್ತೇವೆ ಎಂದಿದ್ದ. ಚಂದ್ರ ಕಿಟಕಿಗೆ ಹೋಗಿ ನೋಡಿದ. ಮಳೆಯೊಳಗೆ ದಡದ ಬಣ್ಣಬಣ್ಣದ ಮನೆಗಳು ಒಂದಷ್ಟು ಹೊತ್ತು ಎದುರಿಗಿದ್ದು, ಮೆಲ್ಲಗೆ ಪಕ್ಕಕ್ಕೆ ಸರಿದು, ಹಿಂದಾದವು.

"ಓಗ್ಲಿ ಬುಡ್ಲಾ," ಅಂದಳು ಅಕ್ಕ. ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು. ಗಂಟು ಸಿಕ್ಕದೆ ತಡವರಿಸಿದಳು. ಕಮಲಾಕ್ಷಿ ಮಂಡಿಯ ನೋವು ಮರೆತು ನೆಲಕ್ಕೆ ಕೂತು ಬಿಚ್ಚಿಕೊಟ್ಟಳು.

ಊರಿಗೆ ಬಂದ ಮೇಲೆ ಚಂದ್ರ ಅವಳನ್ನು ತನ್ನ ಮನೆಗೆ ಕರೆದ. ಒಂದಲ್ಲ, ಹತ್ತು ಸಲ ಕರೆದ. "ಇಲ್ಲಿ ಗೋಡೆ ಗೋಡೆಯೂ ನಂಗೊತ್ತು," ಅಂದಳು ಅವಳು. ಮೈಸೂರಿನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದ. ಬೆಂಗಳೂರಿಗೂ ಹೋಗಿ ಬಂದರು. ಹನಿ ಬದಲಾಯಿತು, ಮಾತ್ರೆ ಬದಲಾಯಿತು. ಮಾರನೆ ವರ್ಷ ಯುಗಾದಿ ಕಳೆದ ಮೇಲೆ ಮೈಸೂರಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಟಾರ್ಚು ಆರಿಸಿ, ಅವಳ ಭುಜದ ಮೇಲೆ ಕೈಯಿಟ್ಟರು. ಇನ್ನು ಹನಿ ಹಾಕಿ ಪ್ರಯೋಜನವಿಲ್ಲ, ಬೇಡ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕೆ.ಆರ್. ಪೇಟೆಯ ಬಸ್ಸು ಹತ್ತಿದರು. ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಾಟುವಾಗ ತಣ್ಣಗಿನ ಗಾಳಿ ಬಂತು. ಅವಳು ಕಿಟಕಿಯ ಕಡೆ ಮುಖ ಮಾಡಿ, "ನೀರು ಅದಾ?" ಎಂದು ಕೇಳಿದಳು. "ಸ್ವಲ್ಪ ಅದೆ," ಅಂದ.

ಕಂಡಕ್ಟರು ಬಂದ. ಅವಳು ಆಧಾರ್ ಕಾರ್ಡು ಚಾಚಿ, "ಪಾಂಡವಪುರ," ಅಂದಳು. ಹೆಂಗಸರ ಉಚಿತ ಟಿಕೆಟ್ಟು ಹರಿದು ಅವಳ ಕೈಗೆ ಕೊಟ್ಟ ಕಂಡಕ್ಟರು, "ನಿಮ್ದು ಕೆ.ಆರ್. ಪೇಟೆಯಾ ಆಚಾರ್ರೆ?" ಎಂದ. ಕೆ.ಆರ್. ಪೇಟೆಯ ಅಂಗಡಿಯಲ್ಲಿ ದಿನಾ ನೋಡುವ ಮುಖ.

"ಇಲ್ಲ, ನಂದೂ ಪಾಂಡವಪುರ," ಅಂದ ಚಂದ್ರ.

"ಅಂಗಡಿ?" ಅಂದಳು ಅಕ್ಕ.

"ಅಂಗಡಿ ಎಲ್ಲೂ ಓಗಲ್ಲ, ಅಲ್ಲೇ ಇರ್ತದೆ."

ಪಾಂಡವಪುರದಲ್ಲಿ ಬಸ್ಸು ನಿಂತಾಗ ಚಂದ್ರ ಮೊದಲು ಇಳಿದು ಕೈ ಚಾಚಿದ. ಅವಳು ಬಾಗಿಲಿನ ಕಂಬಿ ಬಿಟ್ಟು, ಗಾಳಿಯಲ್ಲಿ ಒಂದು ಗಳಿಗೆ ತಡವಿ, ಆ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು.